ಅಕ್ಕಿಯ ತಟ್ಟೆಯಲ್ಲಿ ಹೊಸ ಹೆಸರು

ನಮ್ಮ ಸೊಸೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಇಷ್ಟವಾಗಲಿಕ್ಕಿಲ್ಲ. ಆನೆಟ್, ಜೀನೆಟ್, ಸುಜೆಟ್ ಎಂದೆಲ್ಲ ಇರುತ್ತವಲ್ಲ, ಆ ಸಾಲಿನದು. ಅವರದು ನಾಗಪುರದ ಹಳೆಯ ರೈಲ್ವೆ ಕುಟುಂಬ, ಕ್ರೈಸ್ತರು. ಹಿಂದೆ ಯಾವುದೋ ಕಾಲದಲ್ಲಿ ಕಾನ್ವೆಂಟಿನ ಫ್ರೆಂಚ್ ಸಿಸ್ಟರ್ ಒಬ್ಬರು ಅವಳ ಮುತ್ತಜ್ಜಿಗೆ ಅಂಥದೊಂದು ಹೆಸರು ಇಟ್ಟರಂತೆ. ಅಲ್ಲಿಂದ ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ‘ಎಟ್’ ಎಂದೇ ಮುಗಿಯುತ್ತಾರೆ.

ನನ್ನ ಮಗನೂ ಅವಳೂ ಊರಾಚೆ ಐಟಿ ಕಂಪನಿಗಳಿರುವ ಮಿಹಾನ್‌ನಲ್ಲಿ ಒಂದೇ ಆಫೀಸು. ಕಂಪನಿಯ ಕ್ಯಾಬ್‌ನಲ್ಲಿ ದಿನಾ ಜೊತೆಗೆ ಓಡಾಡಿ ಮದುವೆಯವರೆಗೆ ಬಂದರು. ನಾವೋ ಊರಿನ ಹಳೇ ಪೇಟೆ ಮಹಾಲ್‌ನಲ್ಲಿ ಸೀರೆ ಅಂಗಡಿಯವರು, ನನ್ನ ಮಾವನವರ ಕಾಲಕ್ಕೆ ಗದಗಿನ ಕಡೆಯಿಂದ ಬಂದು ನೆಲೆಸಿದವರು. ಹುಡುಗಿಯ ಹೆಸರು ಕೇಳಿದ ಕೂಡಲೇ ನನ್ನ ಗಂಡನ ಅಕ್ಕ, “ಇದೇನವಾ, ಜಾರ್ಜೆಟ್ ಸೀರಿ ಇದ್ದಂಗ ಐತಲ್ಲ” ಎಂದರು. ಎಲ್ಲರೂ ನಕ್ಕೆವು, ನಾನೂ ನಕ್ಕೆ.

ಮದುವೆಗೆ ಮೊದಲು ಒಂದು ದಿನ ಮನೆಗೆ ಬಂದಾಗ ಅವಳನ್ನೇ ಕೇಳಿದೆ, ಈ ‘ಎಟ್’ ಅಂದರೆ ಏನು ಎಂದು. ಚಿಕ್ಕದು, ಮುದ್ದಿನದು ಎಂದು ಅರ್ಥ, ಗಂಡಸಿನ ಹೆಸರಿಗೆ ಅದನ್ನು ಹಚ್ಚಿ ಎಷ್ಟೋ ಹೆಣ್ಣಿನ ಹೆಸರು ಮಾಡಿಕೊಂಡಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದಳು. ನನಗೆ ಅದು ಅಷ್ಟು ಸರಿ ಬರಲಿಲ್ಲ. ಗಂಡಸನ್ನು ಸಣ್ಣದು ಮಾಡಿದರೆ ಹೆಣ್ಣಾಗುತ್ತದೆಯೇನು? ನಮ್ಮ ಕಡೆ ತೊಟ್ಟಿಲಲ್ಲಿ ಮಲಗಿದ ಕೂಸಿಗೂ ನೀಲವ್ವ, ಚೆನ್ನವ್ವ ಎನ್ನುತ್ತೇವೆ. ಇನ್ನೂ ಹಲ್ಲು ಬಂದಿರುವುದಿಲ್ಲ, ಆಗಲೇ ಅದು ಅವ್ವ. ನಮ್ಮದೇ ದೊಡ್ಡತನ ಎಂದು ಒಳಗೊಳಗೇ ಬೀಗಿದೆ. ಅವಳು ಹೋದ ಮೇಲೆ ಪಾತ್ರೆ ತೊಳೆಯುತ್ತ ನಿಂತಾಗ ಹೊಳೆಯಿತು: ಅಷ್ಟು ದೊಡ್ಡ ಹೆಸರು ಇಡುವವರೂ ನಾವೇ, ಮದುವೆಯ ದಿನ ಅದನ್ನು ಪೂರಾ ಕಿತ್ತುಕೊಳ್ಳುವವರೂ ನಾವೇ.

ನಮ್ಮಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಬಂಗಾರದ ಉಂಗುರ ಹಿಡಿದು ಅದರಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ನನಗೂ ಬರೆದರು. ನನ್ನ ಮೊದಲಿನ ಹೆಸರು ಆಮೇಲೆ ತವರಿನಲ್ಲಿ ಅವ್ವನ ಬಾಯಲ್ಲಿ ಮಾತ್ರ ಉಳಿಯಿತು. ಅವ್ವ ತೀರಿದ ಮೇಲೆ ಅದರಿಂದ ನನ್ನನ್ನು ಯಾರೂ ಕರೆದಿಲ್ಲ. ಅದೊಂದು ದುಃಖ ಎಂದು ಕೂತು ಯೋಚಿಸಲಿಕ್ಕೆ ನನಗೆ ಪುರಸೊತ್ತಾದರೂ ಎಲ್ಲಿತ್ತು.

ಮಗನೂ ಸೊಸೆಯೂ ಹೆಸರು ಬದಲಿಸುವುದು ಬೇಡವೆಂದು ಮೊದಲೇ ಹೇಳಿದ್ದರು. ನಾವೂ ಹೂಂ ಎಂದಿದ್ದೆವು. ಆದರೂ ರಿಜಿಸ್ಟರ್ ಮದುವೆ ಮುಗಿಸಿ ಅವಳು ಮನೆಯೊಳಗೆ ಕಾಲಿಟ್ಟ ದಿನ, ಬೀಗರು, ನೆರೆಹೊರೆಯವರು ಎಲ್ಲ ತುಂಬಿರುವಾಗ, ಗಂಡನ ಅಕ್ಕ ಅಕ್ಕಿಯ ತಟ್ಟೆ ತಂದು ಮಗನ ಮುಂದಿಟ್ಟರು.

“ಲಲಿತಾ ಅಂತ ಬರಿ.”

“ಅತ್ಯಾ, ಬ್ಯಾಡ ಅಂತ ಮೊದಲಽ ಹೇಳಿದ್ವೆಲ್ಲ.”

“ಶಾಸ್ತ್ರಕ್ಕ ಬರಿಯಪಾ. ಕನ್ನಡ ಬರಲಿಲ್ಲಂದ್ರ ಮರಾಠಿಯೊಳಗ ಬರಿ. ಮಂದಿ ಕುಂತಾರ, ಜಲ್ದಿ.”

ಅಷ್ಟು ಜನರೆದುರು ನನ್ನ ಮಗ ಮೆತ್ತಗಾದ. ಉಂಗುರ ಕೈಗೆ ತೆಗೆದುಕೊಂಡೇ ಬಿಟ್ಟ. ಸೊಸೆಯ ಮುಖದ ಬಣ್ಣ ಹೋಯಿತು. ಅವಳ ಅಪ್ಪ ಮೂಲೆಯ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದರು. ಅವಳು ನನ್ನ ಕಡೆ ತಿರುಗಿ, ನಿಮ್ಮದೂ ಹೀಗೇ ಬದಲಿಸಿದ್ದರಾ ಮಮ್ಮೀ, ಮೊದಲು ಏನಿತ್ತು ಎಂದು ಸಣ್ಣ ದನಿಯಲ್ಲಿ ಕೇಳಿದಳು.

ನಾನು ಗಂಡನನ್ನು ನೋಡಿದೆ. “ನೀವಽ ಹೇಳ್ರಿ. ಬರದವ್ರು ನೀವಽ ಅಲ್ಲ?”

ಅವರು ನಕ್ಕರು. ಆಮೇಲೆ ಆ ನಗು ಹಾಗೇ ನಿಂತಿತು. “ಶ ದಿಂದ ಏನೋ ಇತ್ತಲ್ಲ,” ಎಂದರು. ಇರಲಿಲ್ಲ. ಅಕ್ಕನ ಮುಖ ನೋಡಿದರು. ಅಕ್ಕನಿಗೂ ಗೊತ್ತಿರಲಿಲ್ಲ.

ಅಳು ಬರಬೇಕಿತ್ತು, ನನಗೆ ಸಿಟ್ಟು ಬಂತು. ಇಷ್ಟು ವರ್ಷ ನನ್ನ ಕೈಯಡುಗೆ ಉಂಡ ಮನುಷ್ಯ. ನನ್ನ ಹೆಸರನ್ನು ನಾನೇ ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ನನ್ನ ಬಾಯಿಗೇ ಅದು ಬೇರೆಯವರದೆನಿಸಿತು. ಸೊಸೆ ಮೆಲ್ಲಗೆ ತಾನೂ ಒಮ್ಮೆ ಹೇಳಿ ನೋಡಿದಳು. ನಾನು ತಟ್ಟೆ ಎತ್ತಿಕೊಂಡೆ.

“ಅಕ್ಕಾರ, ಈ ಅಕ್ಕಿ ಅನ್ನಕ್ಕ ಹಾಕ್ತೀನಿ. ಆಕಿ ಹೆಸರು ಆಕೀಗೇ ಇರಲಿ.”

ಗಂಡನ ಅಕ್ಕ ಊಟಕ್ಕೆ ಕೂತಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದರು. ನಾನೂ ಸಮಾಧಾನ ಮಾಡಲಿಕ್ಕೆ ಹೋಗಲಿಲ್ಲ. ಸೊಸೆಯ ಅಪ್ಪ ಸಾರು ಚೆನ್ನಾಗಿದೆ ಎಂದು ಇನ್ನೊಮ್ಮೆ ಬಡಿಸಿಕೊಂಡರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಗಂಡ ಹೊರಗೆ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಸ್ವಲ್ಪ ತಡೆದು ಮತ್ತೆ ಕರೆದರು. ಬೀಗರ ಕಡೆಯವರು ಯಾರೋ ಬಂದಿರಬೇಕೆಂದು ಇನ್ನೊಂದು ಕಪ್ಪು ತೆಗೆದಿಟ್ಟೆ. ಸೊಸೆ ಒಳಗೆ ಬಂದು ನನ್ನ ಮೊಣಕೈ ಮುಟ್ಟಿ ಹೇಳಿದಳು, “ಮಮ್ಮೀ, ಪಪ್ಪಾ ಕರೆಯುತ್ತಿರುವುದು ನಿಮ್ಮನ್ನೇ.”