ಫ್ರಿಜ್ಜಿನ ಮೇಲಿನ ಕಾಲು ರೊಟ್ಟಿ

ನಮ್ಮ ಫ್ರಿಜ್ಜಿನ ಮೇಲೆ ಈಚೆಗೆ ದಿನಾಲೂ ಕಾಲು ರೊಟ್ಟಿಯೊಂದು ಇರುತ್ತದೆ. ತಿನ್ನಲಿಕ್ಕಲ್ಲ. ಯುದ್ಧ ನಿಂತಿತೆಂದು ಟಿವಿಯಲ್ಲಿ ಹೇಳಿದ ಮರುದಿನದಿಂದ ನಮ್ಮ ಅತ್ತೆ ಬೆಳಗಿನ ಮೊದಲ ರೊಟ್ಟಿಯಿಂದ ಒಂದು ತುಂಡು ಮುರಿದು ಬಟ್ಟಲಲ್ಲಿ ಮುಚ್ಚಿಡುತ್ತಾರೆ. ಗಡಿಯಲ್ಲಿರುವ ಮಗ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತರೆ, ಒಳಗೆ ಕಾಲಿಡುವ ಮೊದಲು ದೃಷ್ಟಿ ತೆಗೆದು ನಿವಾಳಿಸಿ ಎಸೆಯಲು ಅದು ಕೈಗೆ ಸಿಗಬೇಕಲ್ಲ. ಮಗ ಬರುವುದಿಲ್ಲ, ತುಂಡು ಮರುದಿನ ಕಾಗೆಗೆ ಹೋಗುತ್ತದೆ. ಕೋಥರೂಡ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕಾಗೆಗಳಷ್ಟು ಯುದ್ಧವಿರಾಮದ ಲಾಭ ಪಡೆದವರು ಬೇರೆ ಇರಲಾರರು.

ಆ ಮಗ ನನ್ನ ಗಂಡ. ಹೊರಟ ದಿನ ಅವರು ಗೇಟಿನ ಬಳಿ ತಿರುಗಿ ನೋಡಿದರೆಂದು ನಾನು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ನಮ್ಮ ಬಾಲ್ಕನಿಯಿಂದ ಗೇಟು ಕಾಣುವುದೇ ಇಲ್ಲ.

ಕಾಯುವವರು ಸಾತ್ವಿಕರಾಗುತ್ತಾರೆಂದು ಯಾರಾದರೂ ಹೇಳಿದರೆ, ಗೆಳೆಯರೇ, ನಂಬಬೇಡಿ. ಸಂಜೆ ಸ್ಕೂಟರ್ ನಿಲ್ಲಿಸಿ, ಕೊತ್ತಂಬರಿ ತರಲು ಮರೆತು ಬೈಸಿಕೊಳ್ಳುವ ಕೆಳಮನೆಯ ಗಂಡಸನ್ನು ಕಂಡರೂ ಅವನ ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚು: ಬೈಯಲು ಅವಳಿಗೆ ಗಂಡ ಎದುರಿಗಿದ್ದಾನೆ!

ಅದು ಬರೀ ಕಿಡಿ. ಉರಿ ಹತ್ತಿದ್ದು ಇವರ ಫೋನು ಬಂದ ದಿನ. "ರಜೆ ಸರದಿ ನಂದ ಬಂದಿತ್ತು. ನಮ್ಮ ತುಕಡಿ ಈರಣ್ಣ ಇನ್ನೂ ಮಗಳ ಮಾರಿ ನೋಡಿಲ್ಲ, ಅವಂಗ ಕೊಟ್ಟೇನಿ. ಅಂವ ತಿರುಗಿ ಬಂದ ಮ್ಯಾಲೆ ನಾ ಹೊರಡ್ತೀನಿ. ನೀ ತಿಳುವಳಿಕಿ ಇದ್ದಾಕಿ" ಅಂದರು. "ಛಲೋ ಆತು ಬಿಡ್ರಿ" ಅಂದೆ. ಎಂ.ಎ. ಮಾಡಿದ್ದಕ್ಕೆ ಶಿಕ್ಷೆ ಎಂದರೆ ಇದೇ: ನಮ್ಮನ್ನು ತಿಳುವಳಿಕೆಯವರೆಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ.

ಹೋದ ಭಾನುವಾರ ಆ ಈರಣ್ಣ ಊರಿನ ಇನ್ನೊಂದು ತುದಿಯ ಧನಕವಡಿಯಿಂದ ಹೆಂಡತಿ ಸವಿತಾಳನ್ನೂ ಕೂಸನ್ನೂ ಕರೆದುಕೊಂಡು ಬಂದ. ಬಾಗಿಲು ತೆರೆದ ಅತ್ತೆ, "ಏ ತಮ್ಮಾ, ಅಲ್ಲೇ ನಿಲ್ಲು! ಒಳಗ ಬರಬ್ಯಾಡ!" ಎಂದು ಕೂಗಿದ್ದಕ್ಕೆ ಪಾಪ, ಗಡಿ ಕಾಯ್ದ ಯೋಧ ಒಂದು ಮೆಟ್ಟಿಲು ಹಿಂದೆ ಸರಿದ. ಅತ್ತೆ ಫ್ರಿಜ್ಜಿನ ಮೇಲಿನ ಬಟ್ಟಲು ತಂದು ಆ ತುಂಡನ್ನು ಅವನಿಗೆ ನಿವಾಳಿಸಿ ಎಸೆದರು. ನನ್ನ ಗಂಡನ ತುಂಡು! ಸರದಿ ಹೋಯಿತು, ಈಗ ರೊಟ್ಟಿಯೂ ಹೋಯಿತು.

"ಅತ್ತೀ, ಅದು ಅವರದಲ್ರೀ?" ಎಂದು ಮೆಲ್ಲಗೆ ಕೇಳಿದೆ.

"ಅಂವ ಕಳಿಸ್ಯಾನ, ಇಂವ ಬಂದಾನ. ತಾಟ ಹಾಕು ನಡಿ."

ಈರಣ್ಣ ತಾಟಿನ ಪಕ್ಕ ಫೋನಿಟ್ಟುಕೊಂಡು, ಗಳಿಗೆಗೊಮ್ಮೆ ಅದನ್ನೇ ನೋಡುತ್ತ ಉಂಡ. ಅವನಿಗೆ ಬಡಿಸುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇವನು ಬೇಗ ಹೋಗಲಿ, ಇವನು ಹೋದರೆ ನನ್ನವರು ಬರುತ್ತಾರೆ. ಆತಿಥ್ಯದಲ್ಲಿ ತುಪ್ಪಕ್ಕೇನೂ ಕೊರತೆ ಮಾಡಲಿಲ್ಲ.

ಅಡಿಗೆಮನೆಯಲ್ಲಿ ಸವಿತಾ ಕೂಸನ್ನು ಭುಜಕ್ಕೆ ಹಾಕಿಕೊಂಡು ಅಂದಳು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮವರ ಮ್ಯಾಲೆ ನನಗ ಭಾಳ ಹೊಟ್ಟಿಕಿಚ್ಚು."

"ನಿನಗ್ಯಾಕವಾ? ನಿನ್ನ ಗಂಡ ಮನ್ಯಾಗ ಅದಾನಲ್ಲ!"

"ಮನ್ಯಾಗ ಅದಾರ, ಧ್ಯಾನೆಲ್ಲಾ ಅಲ್ಲೇ ಅದ. ಕೂಸಿನ್ನ ಎತ್ತಿಕೊಂಡ್ರೂ, 'ನನ್ನ ಸಲುವಾಗಿ ಅಂವ ಅಲ್ಲಿ ಕುಂತಾನ' ಅಂತಾರ. ಅರ್ಧಾ ಗಂಡ ಬಂದಾರ ನೋಡ್ರಿ ನನಗ."

"ಅರ್ಧಾ ಆದರೂ ಬಂದಾನಲ್ಲ" ಎಂದು ಚುಚ್ಚಿದೆ. ಇಬ್ಬರೂ ನಕ್ಕೆವು, ನಗು ಯಾರದೂ ಪೂರ್ತಿಯಾಗಿರಲಿಲ್ಲ. ಕೂಸು ಮಾತ್ರ ನನ್ನ ಸೆರಗು ಹಿಡಿದು ಎಳೆಯಿತು.

ಅಂದಿನಿಂದ ನನ್ನ ಹೊಟ್ಟೆಕಿಚ್ಚಿಗೆ ಒಂದು ಅಂಜಿಕೆ ಜೊತೆಯಾಗಿದೆ. ಇಷ್ಟು ದಿನ ನನ್ನವರು ಯಾವಾಗ ಬರುತ್ತಾರೆಂದಷ್ಟೇ ಕೇಳುತ್ತಿದ್ದೆ; ಎಷ್ಟು ಬರುತ್ತಾರೆಂದು ಕೇಳಿರಲಿಲ್ಲ. ಹೊಸ್ತಿಲಾಚೆ ಒಂದಿಷ್ಟು ಉಳಿದೇ ಬಿಡುವವರನ್ನು ಒಳಗೆ ಕರೆಯಲೆಂದೇ ಈ ರೊಟ್ಟಿಯ ಪದ್ಧತಿ ಹುಟ್ಟಿತೇನೋ. ಇಲ್ಲವೇ, ಡೈರಿಯ ಆ ಗೇಟಿನ ಹಾಗೆ, ಇದನ್ನೂ ನಾನೇ ಸೇರಿಸುತ್ತಿದ್ದೇನೋ.

ನಾಳೆ ಈರಣ್ಣ ಗಡಿಗೆ ಮರಳುತ್ತಾನೆ. ಇಂದು ಬೆಳಿಗ್ಗೆ ಮೊದಲ ರೊಟ್ಟಿ ಹಂಚಿನಿಂದ ಇಳಿದಾಗ ನಾನೇ ಕೈ ಸುಟ್ಟುಕೊಂಡು ಎರಡು ತುಂಡು ಮುರಿದೆ.

"ಇನ್ನೊಂದು ಯಾರಿಗವಾ?" ಎಂದರು ಅತ್ತೆ.

"ಈರಣ್ಣಗ್ರೀ. ಹೋದ ಸಲ ಅರ್ಧಕ್ಕ ನಿವಾಳಿಸೀರಿ. ಉಳಿದರ್ಧ ಬಂದಾಗ ಬೇಕಾಗತದ."

ಈಗ ಫ್ರಿಜ್ಜಿನ ಮೇಲೆ ಎರಡು ಬಟ್ಟಲುಗಳಿವೆ. ದೊಡ್ಡ ತುಂಡು ಯಾವುದರಲ್ಲಿದೆ ಎಂದು ಮಾತ್ರ, ದಯವಿಟ್ಟು, ಮುಚ್ಚಳ ತೆಗೆದು ನೋಡಬೇಡಿ.