ಆರ್ಲೆಟ್ ಪ್ರೂಯಿಟ್ ಮತ್ತು ಬಲೆಯ ಹಿಂದಿನ ಟೋಪಿ

ಓಕ್ಲಹೋಮಾದ ಟಾಲ್ವರ್ ಊರಿನಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದ ಆರ್ಲೆಟ್ ಪ್ರೂಯಿಟ್‌ಗೆ ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಸದ್ದಿಲ್ಲದೆ ಬಂದು ಕಚ್ಚುತ್ತದೆ ಎಂಬುದು ಬಾಯಿಪಾಠವಾಗಿತ್ತು. ಮನುಷ್ಯರನ್ನೂ ಅವಳು ಇದೇ ಎರಡು ಜಾತಿಯಾಗಿ ವಿಂಗಡಿಸುತ್ತಿದ್ದಳು. 'ನೀನು ಯಾವ ಜಾತಿ?' ಎಂದು ಯಾರಾದರೂ ಕೇಳಿದರೆ ಮಾತ್ರ ನಕ್ಕು ಸುಮ್ಮನಾಗುತ್ತಿದ್ದಳು.

ಪ್ರಾಯದಲ್ಲಿ ಅವಳು ಹಿಟ್ಟಿನ ಗಿರಣಿಯ ಹೆಂಗಸರ ಸಾಫ್ಟ್‌ಬಾಲ್ ತಂಡದ ಕ್ಯಾಚರ್. ಬ್ಯಾಟು ಬೀಸುವವರ ಬೆನ್ನ ಹಿಂದೆ ಹನ್ನೊಂದು ಬೇಸಿಗೆ ಕುಕ್ಕರಗಾಲಲ್ಲಿ ಕೂತು ಮಂಡಿ ಸವೆಸಿಕೊಂಡವಳು. ಆ ಕಾಲಕ್ಕೆ ಹೆಂಗಸರ ಆಟ ನೋಡಿ ತಮ್ಮ ತಂಡಕ್ಕೆ ಆರಿಸಿಕೊಳ್ಳಲು ಯಾವ ಕಾಲೇಜಿನವರೂ ಬರುತ್ತಿರಲಿಲ್ಲ. ಊರ ಪಡ್ಡೆಗಳು ಬರುತ್ತಿದ್ದರು, ಅವರು ನೋಡುತ್ತಿದ್ದುದು ಆಟವನ್ನಲ್ಲ. ಅರವತ್ತೆಂಟನೆಯ ವಯಸ್ಸಿಗೆ ವೈದ್ಯರು ಅವಳ ಎರಡೂ ಮಂಡಿಗಳನ್ನು ಬದಲಿಸಿಕೊಟ್ಟರು. "ಮಂಡಿಗೆ ಇಪ್ಪತ್ತು ವರ್ಷ ಗ್ಯಾರಂಟಿ ಅಂತೆ, ಮಿಕ್ಕಿದ್ದಕ್ಕೆ ಏನೂ ಹೇಳ್ಲಿಲ್ಲ" ಎಂದು ಅವಳು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ನಿವೃತ್ತಳಾದವಳು ಸುಮ್ಮನೆ ಕೂರಲಾರದೆ ಊರಿನ ಹದಿನಾರು ವರ್ಷದ ಹುಡುಗಿಯರ ತಂಡ ಹಾರ್ನೆಟ್ಸ್‌ಗೆ ಸ್ಕೋರ್ ಬರೆಯಲು ಸೇರಿಕೊಂಡಳು. ಫೋನಿನಲ್ಲಿ ಸ್ಕೋರ್ ಒತ್ತುವ ತಾಯಂದಿರು ಬೇಕಾದಷ್ಟಿದ್ದರು. ಆದರೆ ಅವರ ಫೋನಿನಲ್ಲಿ ಅವರವರ ಮಕ್ಕಳು ಎಂದೂ ಚೆಂಡು ಕೈಬಿಡುತ್ತಿರಲಿಲ್ಲ. ಆರ್ಲೆಟ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಸೂರ್ಯಕಾಂತಿ ಬೀಜ ಕುಟುಕುತ್ತ, ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದಳು. ಸ್ವಂತ ತಂಗಿಯ ಮೊಮ್ಮಗಳು ಚೆಂಡು ಬಿಟ್ಟಾಗಲೂ ದೊಡ್ಡದಾಗಿ 'ತಪ್ಪು' ಎಂದು ಬರೆದು ಒಂದು ಕ್ರಿಸ್‌ಮಸ್ ಊಟ ಕಳೆದುಕೊಂಡಿದ್ದಳು.

ಆ ಸ್ಕೋರ್ ಪುಸ್ತಕದಲ್ಲೇ ಅವಳಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ತಂಡದಲ್ಲಿ ಚೆಂಡು ಎಸೆಯುವವರು, ಅಂದರೆ ಪಿಚರ್‌ಗಳು, ಇಬ್ಬರು. ಒಬ್ಬಳು ಮಾರೆನ್ ಲಿಂಡೆಮನ್, ಎತ್ತರದ, ವೇಗದ ಹುಡುಗಿ. ಇನ್ನೊಬ್ಬಳು ಪಕ್ಕದ ಊರಿನಿಂದ ಬರುತ್ತಿದ್ದ ಹೋಸೆಫಿನಾ ಉರ್ರುಟಿಯಾ, ಗಿಡ್ಡ ಹುಡುಗಿ, ಎಡಗೈಯವಳು. ಅವಳ ಚೆಂಡು ಬ್ಯಾಟಿನ ಹತ್ತಿರ ಬಂದದ್ದೇ ಮೆಟ್ಟಿಲು ತಪ್ಪಿದವರ ಹಾಗೆ ಧೊಪ್ಪನೆ ಕೆಳಗಿಳಿಯುತ್ತಿತ್ತು. ಹೋಸೆಫಿನಾಳ ಎಸೆತಕ್ಕೆ ಎದುರಾಳಿಗಳಿಗೆ ಸಿಗುವ ರನ್ ಕಮ್ಮಿ. ಆದರೂ ಮೈದಾನದ ಬಲೆಯ ಹಿಂದೆ ಕಾಲೇಜು ಕೋಚ್‌ಗಳ ಟೋಪಿಗಳು ಕಂಡವೆಂದರೆ ಅವಳು ಬೆಂಚಿಗೆ, ಮಾರೆನ್ ಕಣಕ್ಕೆ.

ಇದರ ಹಿಂದಿನ ಕೈ ಮಾರೆನ್‌ಳ ಅಪ್ಪ ಡ್ವೈಟ್‌ನದು. ಮೀನು ಹಿಡಿಯುವ ದೋಣಿ ಮಾರುವವನು. ತಂಡದ ಕೋಚ್ ರಸ್ಟಿ ಅವನ ಹೆಂಡತಿಯ ತಮ್ಮ. ಮಗಳ ವಿಡಿಯೋಗಳನ್ನು ಡ್ವೈಟ್ ಇನ್ನೂರು ಕಾಲೇಜುಗಳಿಗೆ ಕಳಿಸಿದ್ದ. ಅದರಲ್ಲಿ ಒಂದು ಗಂಡುಮಕ್ಕಳ ಕಾಲೇಜು ಎಂಬುದು ಅವನಿಗಿನ್ನೂ ತಿಳಿದಿರಲಿಲ್ಲ. ಟೋಪಿ ಕಂಡ ಕೂಡಲೇ ಅವನು ಎರಡು ಸಲ ಕೆಮ್ಮುತ್ತಿದ್ದ. ರಸ್ಟಿ ಪಿಚರ್ ಬದಲಿಸುತ್ತಿದ್ದ.

ಪ್ರದರ್ಶನ ಪಂದ್ಯಾವಳಿಗಳಲ್ಲಿ ಗೆದ್ದವರಿಗೆ ಕಪ್ಪಿಲ್ಲ, ಸೋತವರಿಗೆ ಕಣ್ಣೀರಿಲ್ಲ. ಕಾಣಿಸಿಕೊಂಡರೆ ಸಾಕು. ಕಾಲೇಜಿನ ಕೋಚ್‌ಗಳು ಬಂದು ಮಡಚುವ ಕುರ್ಚಿ ಹಾಕಿ ಕೂತರೆಂದರೆ ಅಪ್ಪಂದಿರ ಹೊಟ್ಟೆ ಒಳಗೆ ಹೋಗುತ್ತದೆ, ಅಮ್ಮಂದಿರ ದನಿ ಇಳಿಯುತ್ತದೆ, ಅಂಪೈರನ ಕಣ್ಣು ದಿಢೀರನೆ ಸರಿಹೋಗುತ್ತದೆ. ಪಂದ್ಯಾವಳಿ ಮುಗಿಯುವ ತನಕ ಕೋಚ್‌ಗಳು ಹುಡುಗಿಯರ ಜೊತೆಗಾಗಲಿ ಮನೆಯವರ ಜೊತೆಗಾಗಲಿ ಮಾತಾಡುವಂತಿಲ್ಲ. ಹಾಗಾಗಿ ಎಲ್ಲರೂ ಅವರಿಗೆ ಕೇಳಿಸಲೆಂದೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ.

ಜುಲೈ ತಿಂಗಳ ಅಂಥದೊಂದು ಪಂದ್ಯಾವಳಿಗೆ ಹೊರಡುವ ವಾರ ಆರ್ಲೆಟ್ ತನ್ನ ಗೆಳತಿ ಲವೋನ್ ಟಟಲ್ ಮನೆಗೆ ಹೋದಳು. ಲವೋನ್ ಟಾಲ್ವರ್‌ನ ಪ್ರಾಥಮಿಕ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಮನೆ ತುಂಬ ಕೋಳಿ ಸಾಕಿದ್ದಳು.

"ಲೇ ಲವೋನ್, ಶುಕ್ರವಾರದಿಂದ ಮೂರು ದಿನ ಏನು ಕೆಲಸ ನಿಂಗೆ?"

"ಕೋಳಿ ನೋಡ್ಕೋಬೇಕು."

"ನಿನ್ ತಮ್ಮ ನೋಡ್ಕೋತಾನೆ ಬಿಡು. ನೀನು ಬಲೆ ಹಿಂದೆ ಕೂತ್ಕೋಬೇಕು. ಕರಿ ಕನ್ನಡಕ, ಟೋಪಿ, ಕೈಯಲ್ಲೊಂದು ಪುಸ್ತಕ. ಬಾಯಿ ಬಿಡಬಾರದು, ಅಷ್ಟೇ."

"ಬಾಯಿ ಬಿಡದೆ ಮೂರು ದಿನವಾ?" ಲವೋನ್ ಎದೆ ಮೇಲೆ ಕೈಯಿಟ್ಟಳು. "ಯಾಕೆ ಅಂತ ಹೇಳು."

ಆರ್ಲೆಟ್ ವಿವರಿಸಿದಳು. ಮಾರೆನ್‌ಳ ತಾಯಿ ನರ್ಸು. ಮಗಳು ದಿನಕ್ಕೆ ಎರಡು ಪಂದ್ಯಕ್ಕಿಂತ ಹೆಚ್ಚು ಎಸೆಯಕೂಡದು ಎಂಬುದು ಆಕೆ ಹಾಕಿದ ಗೆರೆ. ಅದನ್ನು ದಾಟುವ ಧೈರ್ಯ ಡ್ವೈಟ್‌ಗೂ ಇರಲಿಲ್ಲ, ರಸ್ಟಿಗೂ ಇರಲಿಲ್ಲ. ಶನಿವಾರ ಮೂರು ಪಂದ್ಯ. ಮೂರನೆಯದು ಟೆಕ್ಸಸ್‌ನ ದೊಡ್ಡ ತಂಡದ ಮೇಲೆ. ಅದಕ್ಕೆ ನಿಜವಾದ ಕೋಚ್‌ಗಳು ಗುಂಪುಗುಂಪಾಗಿ ಬರುತ್ತಾರೆ. ಮೊದಲೆರಡು ಪಂದ್ಯಕ್ಕೆ ಒಂದು ಟೋಪಿ ಬಂದು ಕೂತರೆ ಮಾರೆನ್‌ಳ ಪಾಲು ಅಲ್ಲೇ ಮುಗಿಯುತ್ತದೆ.

ಲವೋನ್ ಒಳಗೆ ಹೋಗಿ ಕೋಳಿಮೇವಿನ ಕಂಪನಿಯವರು ಕೊಟ್ಟಿದ್ದ ನೀಲಿ ಟೋಪಿ ಹಾಕಿಕೊಂಡು ಬಂದಳು. ಮುಂದೆ ಕೆಂಪು ಜುಟ್ಟಿನ ಹುಂಜದ ಚಿತ್ರ. "ಇದಾಗತ್ತಾ?"

"ಇದಕ್ಕಿಂತ ದೊಡ್ಡ ಕಾಲೇಜು ಈ ದೇಶದಲ್ಲೇ ಇಲ್ಲ ಕಣೇ" ಎಂದಳು ಆರ್ಲೆಟ್.

ಶುಕ್ರವಾರ ಮೊದಲ ಪಂದ್ಯಕ್ಕೇ ಗಾಳಕ್ಕೆ ಮೀನು ಬಿತ್ತು. ಹುಂಜದ ಟೋಪಿ ಕಂಡ ಡ್ವೈಟ್ ಕೆಮ್ಮಿದ, ಮಾರೆನ್ ಎಸೆಯಲು ಬಂದಳು. ಡ್ವೈಟ್ ಫೋನಿನಲ್ಲಿ ಹುಂಜದ ಗುರುತಿನ ಕಾಲೇಜು ಹುಡುಕಿಯೇ ಹುಡುಕಿದ. ಈ ಬಣ್ಣದ್ದು ಸಿಗಲಿಲ್ಲ. ಕೊನೆಗೆ ತಾನೇ ತೀರ್ಮಾನಕ್ಕೆ ಬಂದು ಪಕ್ಕದವರಿಗೆ ಪಿಸುಗುಟ್ಟಿದ: "ಹೊಸದಾಗಿ ಶುರು ಮಾಡ್ತಿರೋ ತಂಡ. ಇನ್ನೂ ಹೊರಗೆ ಬಿಟ್ಟಿಲ್ಲ. ಎಲ್ಲಾ ಜಾಗಾನೂ ಖಾಲಿ ಇರತ್ತೆ!"

ಎರಡನೆಯ ಪಂದ್ಯದ ನಡುವೆ ಅವನಿಗೆ ತಡೆಯಲಾಗಲಿಲ್ಲ. ಲವೋನ್ ಕೂತಿದ್ದ ಕಡೆ ನಡೆದು, ಅವಳ ಪಕ್ಕದ ದೀಪದ ಕಂಬಕ್ಕೆ ಮುಖ ಮಾಡಿ ನಿಂತ.

"ನಿಯಮ ನಂಗೊತ್ತು ಮೇಡಂ. ನಾನು ನಿಮ್ಮ ಜೊತೆ ಮಾತಾಡ್ತಿಲ್ಲ, ಈ ಕಂಬದ ಜೊತೆ ಮಾತಾಡ್ತಿದೀನಿ. ಕಂಬಾ, ಇಪ್ಪತ್ತೇಳನೇ ನಂಬರಿನ ಹುಡುಗಿ ಗಂಟೆಗೆ ಅರವತ್ತೆರಡು ಮೈಲಿ ಎಸೀತಾಳೆ. ಓದಿನಲ್ಲೂ ಮುಂದು. ತುಂಬಾ ವಿನಯ, ಅಪ್ಪನ ಥರಾನೇ."

ಲವೋನ್ ತುಟಿ ಕಚ್ಚಿ ಹಿಡಿದಳು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಬಡಿಸುತ್ತ ಪಳಗಿದ ನಾಲಿಗೆ, ಸುಮ್ಮನಿರಲೊಲ್ಲದು. ಅವಳೂ ಕಂಬಕ್ಕೇ ಕೇಳಿದಳು: "ಕಂಬಾ, ಹುಡುಗಿ ತರಕಾರಿ ತಿಂತಾಳಾ?"

ಡ್ವೈಟ್ ಬೆರಗಾದ. ಇಷ್ಟು ಆಳವಾದ ಪ್ರಶ್ನೆಯನ್ನು ಈವರೆಗೆ ಯಾವ ಕೋಚೂ ಕೇಳಿರಲಿಲ್ಲ. "ಬ್ರೊಕೊಲಿ ಒಂದು ಬಿಟ್ಟು..." ಎಂದು ತೊದಲಿದ. ಲವೋನ್ ನಿಟ್ಟುಸಿರು ಬಿಟ್ಟು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಅವನ ಮುಖ ಬಿಳಿಚಿಕೊಂಡಿತು.

ಅಂದು ಸಂಜೆ ಊಟದ ಹೊತ್ತಿಗೆ ಮಾರೆನ್‌ಳ ತಟ್ಟೆಯಲ್ಲಿ ಬೇಯಿಸಿದ ಬ್ರೊಕೊಲಿಯ ಗುಡ್ಡೆ. "ತಿನ್ನಮ್ಮಾ, ನಿನ್ನ ಭವಿಷ್ಯ ಇದರಲ್ಲಿದೆ" ಎಂದ ಅಪ್ಪ. ಯಾವ ಕೋಚ್ ಹೀಗೆ ಕೇಳುತ್ತಾರೆ ಎಂದು ಮಗಳಿಗೆ ಅನುಮಾನ ಹುಟ್ಟಿತು. ಮರುದಿನ ಬೆಳಿಗ್ಗೆ ಎಂಟರ ಪಂದ್ಯದಲ್ಲಿ ಅವಳು ಎಸೆತ ಎಸೆತಕ್ಕೂ ಬಲೆಯಾಚೆ ದಿಟ್ಟಿಸಿದಳು. ಆ ಗಲ್ಲ, ಆ ಭುಜ, ಸೌಟು ಹಿಡಿದಂತೆ ಪೆನ್ನು ಹಿಡಿಯುವ ಆ ಕೈ. ನಾಲ್ಕನೆಯ ಇನ್ನಿಂಗ್ಸಿನಲ್ಲಿ ಗುರುತು ಹತ್ತಿತು. ನಗು ತಡೆಯಲಾಗದೆ ಎಸೆದ ಚೆಂಡು ಅಂಪೈರನ ಭುಜಕ್ಕೆ ಬಡಿಯಿತು.

ಪಂದ್ಯ ಮುಗಿದದ್ದೇ ಅವಳು ನೇರ ಆರ್ಲೆಟ್ ಹತ್ತಿರ ಬಂದಳು.

"ಮಿಸ್ ಆರ್ಲೆಟ್, ಆ ಹುಂಜದ ಟೋಪಿ ನಮ್ಮ ಸ್ಕೂಲಿನ ಮಿಸೆಸ್ ಟಟಲ್. ಆರು ವರ್ಷ ನಂಗೆ ಬ್ರೊಕೊಲಿ ತುರುಕಿದೋರು. ಏನ್ ನಡೀತಿದೆ?"

ಆರ್ಲೆಟ್‌ಗೆ ಬಾಯಲ್ಲಿದ್ದ ಬೀಜದ ಸಿಪ್ಪೆ ನುಂಗಿದಂತಾಯಿತು. ಅಪ್ಪನಿಗೆ ಗಾಳ ಹಾಕುವಾಗ ಎರೆಹುಳು ಯಾರು ಎಂಬುದನ್ನು ಅವಳು ಯೋಚಿಸಿಯೇ ಇರಲಿಲ್ಲ. ಸುಳ್ಳು ಹೇಳದೆ ಪುಸ್ತಕ ಬಿಚ್ಚಿ ತೋರಿಸಿದಳು. ಇಡೀ ವರ್ಷದಲ್ಲಿ ಒಬ್ಬ ಕಾಲೇಜು ಕೋಚ್ ಎದುರಿಗೂ ಹೋಸೆಫಿನಾ ಒಂದು ಚೆಂಡು ಎಸೆದಿರಲಿಲ್ಲ.

"ನಿನ್ನನ್ನ ಕೇಳದೆ ಮಾಡಿದ್ದು ತಪ್ಪು ಕಣಮ್ಮಾ. ಬೈಯೋದಿದ್ರೆ ಬೈಯಿ."

ಮಾರೆನ್ ಪುಟ ತಿರುವಿದಳು. ಆಮೇಲೆ ಮೆಲ್ಲಗೆ ಅಂದಳು: "ನಂಗೆ ಪಿಚಿಂಗೇ ಇಷ್ಟ ಇಲ್ಲ ಮಿಸ್ ಆರ್ಲೆಟ್. ಪ್ರತಿ ಎಸೆತಕ್ಕೂ ಅಪ್ಪ ಕೆಮ್ಮೋದು ಕೇಳಿ ಕೇಳಿ ನಂಗೇ ಗಂಟಲು ಕೆರೆಯತ್ತೆ. ಮೂರನೇ ಬೇಸಲ್ಲಿ ನಿಂತು ಫೀಲ್ಡಿಂಗ್ ಮಾಡ್ಬೇಕು ಅಂತ ಆಸೆ. ಅಲ್ಲಿ ಯಾರೂ ನನ್ನನ್ನ ನೋಡಲ್ಲ." ಆಮೇಲೆ ಕಣ್ಣು ಮಿಟುಕಿಸಿದಳು. "ಹನ್ನೊಂದರ ಪಂದ್ಯಕ್ಕೂ ಮಿಸೆಸ್ ಟಟಲ್‌ನ ಕೂರಿಸಿ. ಅಪ್ಪ ಈಗ ನನ್ನನ್ನ ಮೂರು ಗಂಟೆಯ ದೊಡ್ಡ ಪಂದ್ಯಕ್ಕೆ ಉಳಿಸ್ಕೊಳ್ಳೋಣ ಅಂತಿದಾರೆ. ಅದನ್ನ ನಾನು ನೋಡ್ಕೋತೀನಿ."

ನೋಡಿಕೊಂಡಳು. ಹನ್ನೊಂದಕ್ಕೆ ಡ್ವೈಟ್ ಕೆಮ್ಮಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಮಗಳೇ ಹೋಗಿ ಹೇಳಿದಳು: "ಅಪ್ಪಾ, ಆಕೆ ಮೂರು ಪಂದ್ಯ ಬಿಡದೆ ನನ್ನನ್ನೇ ನೋಡೋಕೆ ಬಂದಿದಾರೆ. ಈಗ ಬೆಂಚಲ್ಲಿ ಕೂತ್ರೆ ಏನಂದ್ಕೋತಾರೆ? ನಿನ್ನೆ ಬ್ರೊಕೊಲಿ ತಿಂದಿದ್ದೂ ವೇಸ್ಟು."

ಡ್ವೈಟ್ ಎರಡು ಸಲ ಕೆಮ್ಮಿದ.

ಮೂರು ಗಂಟೆಗೆ ನಾಲ್ಕನೆಯ ಮೈದಾನದ ಬಲೆಯ ಹಿಂದೆ ಹದಿನಾಲ್ಕು ಟೋಪಿಗಳು. ಡ್ವೈಟ್ ಕ್ಷಯ ಹಿಡಿದವನಂತೆ ಕೆಮ್ಮಿದ. ನರ್ಸು ಹೆಂಡತಿ ಅವನತ್ತ ಒಮ್ಮೆ ತಿರುಗಿ ನೋಡಿದಳು, ಕೆಮ್ಮು ವಾಸಿಯಾಯಿತು. ರಸ್ಟಿ ಚೆಂಡನ್ನು ಹೋಸೆಫಿನಾಳ ಕೈಗೆ ಕೊಟ್ಟ. ಮಾರೆನ್ ಕುಣಿಯುತ್ತ ಮೂರನೆಯ ಬೇಸಿಗೆ ಓಡಿದಳು.

ಹೋಸೆಫಿನಾ ಚೆಂಡನ್ನು ಅಂಗಿಗೆ ಮೂರು ಸಲ ಒರೆಸಿಕೊಂಡಳು. ಮೊದಲ ಇಬ್ಬರಿಗೆ ಗುರಿತಪ್ಪಿದ ಎಸೆತಗಳಿಂದಾಗಿ ಬ್ಯಾಟು ಬೀಸದೆಯೇ ಪುಕ್ಕಟೆ ಬೇಸ್ ಸಿಕ್ಕಿತು, ಮೂರನೆಯವಳು ಬೇಲಿ ಮುಟ್ಟುವಂತೆ ಹೊಡೆದಳು. ಮೊದಲಿನ ಇಬ್ಬರೂ ಓಡಿಬಂದು ಎರಡು ರನ್. ಐದಾರು ಟೋಪಿಗಳು ಕುರ್ಚಿ ಮಡಚಿಕೊಂಡು ಎದ್ದುಹೋದವು. ಆರ್ಲೆಟ್‌ಳ ಪೆನ್ಸಿಲ್ ಮುರಿಯಿತು. ಇಷ್ಟೆಲ್ಲ ಆಟ ಕಟ್ಟಿ ಕೊನೆಗೆ ಹುಡುಗಿಯನ್ನು ತಾನೇ ಬೀದಿಗೆ ನಿಲ್ಲಿಸಿದೆನೇ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಆಗ ಮಾರೆನ್ ಮೂರನೆಯ ಬೇಸಿನಿಂದ ನಡೆದುಬಂದು ಹೋಸೆಫಿನಾಳ ಕಿವಿಯಲ್ಲಿ ಏನೋ ಹೇಳಿದಳು. ಹೋಸೆಫಿನಾ ಬಲೆಯತ್ತ ನೋಡಿ, ಹುಂಜದ ಟೋಪಿ ಕಂಡು, ಬಾಯಿಗೆ ಕೈಗವಸು ಅಡ್ಡ ಹಿಡಿದು ನಕ್ಕಳು. ಅಲ್ಲಿಂದ ಮುಂದೆ ಚೆಂಡು ಮೆಟ್ಟಿಲು ಇಳಿಯತೊಡಗಿತು. ಟೆಕ್ಸಸ್‌ನ ಹುಡುಗಿಯರು ಗಾಳಿಗೆ ಬ್ಯಾಟು ಬೀಸಿ ಬೀಸಿ ವಾಪಸಾದರು. ಉಳಿದ ಐದು ಇನ್ನಿಂಗ್ಸಿನಲ್ಲಿ ಒಂಬತ್ತು ಜನ ಅವಳ ಎಸೆತ ಮುಟ್ಟಲಾರದೆ ಔಟ್. ಹಾರ್ನೆಟ್ಸ್ ಎರಡು–ಒಂದರಿಂದ ಸೋತರು. ಅದು ಯಾರಿಗೂ ನೆನಪಿಲ್ಲ.

ಕೂತೇ ಇದ್ದ ಟೋಪಿಗಳಲ್ಲಿ ನೆಬ್ರಾಸ್ಕಾದ ಎರಡು ವರ್ಷದ ಕೋರ್ಸಿನ ಸಣ್ಣ ಕಾಲೇಜೊಂದರ ಕೋಚ್ ಹೆಂಗಸೂ ಇದ್ದಳು. ಭಾನುವಾರ ಪಂದ್ಯಾವಳಿ ಮುಗಿದು ಮಾತಿನ ನಿರ್ಬಂಧ ತೆರವಾದಾಗ ಅವಳು ಆರ್ಲೆಟ್ ಬಳಿ ಬಂದಳು. "ಈ ತಂಡಾನ ನಾಲ್ಕು ಸಲ ನೋಡಿದೀನಿ. ಆ ಎಡಗೈ ಹುಡುಗಿ ಎಲ್ಲಿದ್ಲು?"

"ಬೆಂಚಲ್ಲಿ" ಎಂದು ಆರ್ಲೆಟ್ ಪುಸ್ತಕ ಕೊಟ್ಟಳು. ಕೋಚ್ ಅಲ್ಲೇ ನಿಂತು ವರ್ಷದ ಪುಟಗಳನ್ನೆಲ್ಲ ಓದಿದಳು.

ಅದೇ ಹೊತ್ತಿಗೆ ಡ್ವೈಟ್ ಹೊಸ ಅಂಗಿ ತೊಟ್ಟು, ಕೈ ಚಾಚಿಕೊಂಡು ಲವೋನ್ ಹಿಂದೆ ಹೋದ. ಅವಳು ಕುರ್ಚಿ ಮಡಚಲು ಬಗ್ಗಿದ್ದಳು. ಟೋಪಿಯ ಹಿಂಬದಿಯ ಪಟ್ಟಿ ಅವನ ಮೂಗಿನ ಕೆಳಗೇ ಬಂತು. 'ಮೊಟ್ಟೆಕೋಳಿಗಳ ಮೇವು' ಎಂದು ಹಳದಿ ದಾರದಲ್ಲಿ ಹೊಲಿದಿತ್ತು. ಅವನು ಅದನ್ನು ಎರಡು ಸಲ ಓದಿದ. ತಿರುಗಿದ ಲವೋನ್ ಬಾಯಿ ಬಿಡದೆ ಆರ್ಲೆಟ್‌ಳತ್ತ ಬೆರಳು ತೋರಿಸಿದಳು.

"ಮಿಸೆಸ್ ಪ್ರೂಯಿಟ್!" ಮೈದಾನ ದಾಟಿ ಕೇಳುವ ಹಾಗೆ ಕೂಗಿಕೊಂಡು ಬಂದ. "ನಾನು ಕೋಳಿಮೇವಿಗೆ ಮಗಳ ಕೈ ಸವೆಸಿದ್ನಾ?"

"ಕೋಳಿಮೇವಿಗಲ್ಲ, ಟೋಪಿಗೆ" ಎಂದಳು ಆರ್ಲೆಟ್. "ಒಂದು ವರ್ಷದಿಂದ ಅದನ್ನೇ ಮಾಡ್ತಿದೀರಿ. ನಾನು ಬೇರೆ ಟೋಪಿ ಕೂರಿಸಿದೆ, ಅಷ್ಟೇ."

"ಅಪ್ಪಾ, ನಂಗೂ ಗೊತ್ತಿತ್ತು" ಎಂದಳು ಮಾರೆನ್. ಮಗಳನ್ನು ಡ್ವೈಟ್ ತುಂಬ ಹೊತ್ತು ನೋಡಿದ, ಬಹುಶಃ ಆ ಬೇಸಿಗೆಯಲ್ಲಿ ಮೊದಲ ಸಲ ವಿಡಿಯೋ ತೆಗೆಯದೆ.

ಆದರೂ ಆರ್ಲೆಟ್‌ಳ ಕೆಲಸ ಹೋಯಿತು. ರಸ್ಟಿ ಮನೆಗೆ ಬಂದು, ಕಾಲು ಬದಲಿಸುತ್ತ, ಪುಸ್ತಕ ವಾಪಸು ಕೇಳಿದ. ಅವಳು ಜಗಳವಾಡಲಿಲ್ಲ. ಟೋಪಿಯ ಬಗ್ಗೆ ನಾಚಿಕೆಯಿಲ್ಲ, ಹುಡುಗಿಯನ್ನು ಮೊದಲು ಕೇಳಬೇಕಿತ್ತು ಎಂದು ಲವೋನ್‌ಗೆ ಹೇಳಿಕೊಂಡಳು. ಡ್ವೈಟ್ ಒಂದು ವರ್ಷ ಅವಳನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಮಾರೆನ್ ಕೊನೆಯ ಎರಡು ವರ್ಷ ಮೂರನೆಯ ಬೇಸಿನಲ್ಲೇ ಆಡಿದಳು. ಆಮೇಲೆ ಪಶುವೈದ್ಯಳಾಗಲು ಓದಲು ಹೋದಳು. ಆಟಕ್ಕೆಂದು ಯಾವ ಕಾಲೇಜೂ ಅವಳನ್ನು ಕರೆಯಲಿಲ್ಲ, ಅವಳೂ ಕಾಯಲಿಲ್ಲ.

ಹೋಸೆಫಿನಾ ನೆಬ್ರಾಸ್ಕಾಕ್ಕೆ ಹೋದಳು. ಅವಳ ಮೊದಲ ಪಂದ್ಯ ನೋಡಲು ಆರ್ಲೆಟ್ ಮತ್ತು ಲವೋನ್ ಎಂಟು ಗಂಟೆ ಕಾರು ಓಡಿಸಿದರು. ಮೈದಾನದ ಹಾಟ್ ಡಾಗ್ ತಿಂದು ಲವೋನ್ "ಇದನ್ನ ನಮ್ಮ ಸ್ಕೂಲಲ್ಲಿ ಕೊಟ್ಟಿದ್ರೆ ನನ್ನನ್ನ ಜೈಲಿಗೆ ಹಾಕ್ತಿದ್ರು" ಎಂದಳು. ಹೋಸೆಫಿನಾ ಐದನೆಯ ಇನ್ನಿಂಗ್ಸಿನ ತನಕ ಒಂದು ರನ್ನನ್ನೂ ಕೊಡಲಿಲ್ಲ. ಆರನೆಯದರಲ್ಲಿ ತನ್ನತ್ತ ಉರುಳಿಬಂದ ಸುಲಭದ ಚೆಂಡು ಅವಳ ಕಾಲ ಸಂದಿಯಲ್ಲಿ ನುಸುಳಿ ಹೋಯಿತು. ಅಧಿಕೃತ ಸ್ಕೋರ್ ಬರೆಯುವ ತರುಣ ಉದಾರವಾಗಿ ಅದನ್ನು ಎದುರಾಳಿಯ ಒಳ್ಳೆಯ ಹೊಡೆತ ಎಂದು ಬರೆದ.

ಆರ್ಲೆಟ್ ತಡೆದುಕೊಳ್ಳಲಿಲ್ಲ. ಹೊಸ ಮಂಡಿಗಳ ಮೇಲೆ ಎದ್ದು, ಮೆಟ್ಟಿಲು ಹತ್ತಿ, ಅವನು ಕೂತಿದ್ದ ಕೋಣೆಯ ಕಿಟಕಿ ತಟ್ಟಿದಳು.

"ನೋಡಪ್ಪಾ, ಆ ಎಡಗೈ ಹುಡುಗಿ ನನ್ನ ಮಗಳಿದ್ದ ಹಾಗೆ. ಆದ್ರೂ ಅದು ಅವಳ ತಪ್ಪೇ. ತಿದ್ದು."

ಅವನು ತಿದ್ದುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.