ಒದ್ದೆ ಗೋಣಿ

ಸರ್ಕಾರಿ ಸಸಿತೋಟದಲ್ಲಿ ನೀರು ಹೊರುತ್ತಿದ್ದವಳನ್ನು ಎಲ್ಲರೂ ಕೊಡದಕ್ಕ ಎನ್ನುತ್ತಿದ್ದರು. ಅವಳ ಗಂಡ ಅಲ್ಲಿಯೇ ಮಾಲಿಯಾಗಿದ್ದು ತೀರಿಕೊಂಡವನು. ಅವನ ಕಾಯಂ ಕೆಲಸವೂ ಅದರ ಜೊತೆ ಕೊಡುವ ಒಂದು ಕೋಣೆಯ ಮನೆಯೂ ತನಗೆ ಸಿಗಬೇಕೆಂಬುದೊಂದೇ ಅವಳ ಹಟ. ಕೊಡಬೇಕಾದವನು ತೋಟದ ಅಧಿಕಾರಿ. ಗಿಡ ಯಾವುದು, ಕಳೆ ಯಾವುದು ಎಂದು ತಿಳಿಯಲು ಬುಡದಲ್ಲಿ ನೆಟ್ಟ ಚೀಟಿ ಓದಬೇಕಾದ ಮಹಾಶಯ.

ಆ ವರ್ಷ ಹಡಗಿನಲ್ಲಿ ರಬ್ಬರ್ ಬೀಜ ಬಂತು. ಆ ಸೀಮೆಯಲ್ಲಿ ಯಾರೂ ಕಂಡಿರದ ಮರ. ಒದ್ದೆ ಇದ್ದಿಲ ಪುಡಿಯಲ್ಲಿ ಹೂತಿಟ್ಟ ಬೀಜಗಳನ್ನು ನೋಡಿ ಅಧಿಕಾರಿ ಮೂಗು ಮುರಿದ.

"ಎಲ್ಲಾ ತೊಳೆದು ಬಿಸಿಲಿಗೆ ಹರವಿ. ಬೀಜ ಅಂದ್ಮೇಲೆ ಒಣಗ್ಬೇಕು."

"ಸಾಹೇಬ್ರೇ, ಇದರ ಪಸೆ ಆರಿದ್ರೆ ಜೀವ ಹೋಗುತ್ತೆ," ಎಂದಳು ಕೊಡದಕ್ಕ. "ಕಳಿಸಿದವರೇನು ಹುಚ್ಚರಾ, ಒದ್ದೆ ಮಾಡಿ ಕಳ್ಸೋಕೆ?"

"ನೀರು ಹೊರೋಳು ನೀನು. ಹೊರು, ಸಾಕು."

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ? ಅವಳು ನಾಲ್ಕು ಹಿಡಿ ಬೀಜ ಮಡಿಲಿಗೆ ಹಾಕಿಕೊಂಡು ಹೋಗಿ, ತನ್ನ ಬಾಡಿಗೆ ಗುಡಿಸಲ ಬಚ್ಚಲ ಪಕ್ಕ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟಳು. ಸಿಕ್ಕಿಬಿದ್ದರೆ ಕಳ್ಳಿ ಎನಿಸಿಕೊಂಡು ಇದ್ದ ಕೂಲಿಯೂ ಹೋಗುತ್ತಿತ್ತು.

ಮೂರು ವಾರವಾಯಿತು. ಅಧಿಕಾರಿಯ ಸಾವಿರಾರು ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ; ಗೋಣಿಯಲ್ಲಿ ನಲವತ್ತೊಂದು ಮೊಳೆತವು. ಅಷ್ಟರಲ್ಲಿ ಮೇಲಿನವರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವಳು ಸಸಿಗಳನ್ನು ಒದ್ದೆ ಗೋಣಿ ಸಮೇತ ತಂದು ಮುಂದಿಟ್ಟಾಗ ಅಧಿಕಾರಿಗೆ ಹೋದ ಜೀವ ಬಂದಂತಾಯಿತು.

"ಅಕ್ಕಾ, ಮಾಲಿ ಕೆಲಸ ನಿಂದೇ. ನನ್ನಾಣೆ!"

ಆಣೆಯಂತೆ! ಮೇಲಿನವರೆದುರು ಆ ಮನುಷ್ಯ ಎದೆಯುಬ್ಬಿಸಿ, ಬಿಸಿಲಲ್ಲಿ ಒಣಗಿಸಿದ್ದರಿಂದಲೇ ಸಸಿ ಬಂದವು ಎಂದು ಅರ್ಧ ಗಂಟೆ ಕೊರೆದ. ಕೆಲಸವನ್ನು ತನ್ನ ಬಾಮೈದನಿಗೆ ಕೊಟ್ಟ. ಆ ಪುಣ್ಯಾತ್ಮ ಗುದ್ದಲಿಯನ್ನು ಊರುಗೋಲಾಗಿ ಮಾತ್ರ ಬಲ್ಲವನು. ಬಾಯಿ ಬಿಟ್ಟರೆ ಕಳ್ಳತನದ ಮಾತು ಏಳುತ್ತದೆಂದು ಕೊಡದಕ್ಕ ಮತ್ತೆ ಕೊಡ ಹೊತ್ತಳು.

ಮರುವರ್ಷ ಹತ್ತು ಪೆಟ್ಟಿಗೆ ಬಂದವು. ಹೇಳಿ ಹೇಳಿ ತನ್ನ ಸುಳ್ಳನ್ನು ತಾನೇ ನಂಬಿದ್ದ ಅಧಿಕಾರಿ ಅಷ್ಟನ್ನೂ ಒಣಗಿಸಿದ. ಒಂದೂ ಮೊಳೆಯಲಿಲ್ಲ. ಮೇಲಿನವರು ಮತ್ತೆ ನೋಡಲು ಹೊರಟಿದ್ದರು. ಹಿಂದೆಂದೂ ಕೊಡದಕ್ಕನ ಓಣಿಗೆ ಕಾಲಿಡದವನು ಟೋಪಿ ಕೈಯಲ್ಲಿ ಹಿಡಿದು ಅವಳ ಬಾಗಿಲಿಗೆ ಬಂದ.

"ಅಕ್ಕಾ, ನಿನ್ನ ಗೋಣೀಲಿ ಒಂದಿಷ್ಟಾದ್ರೂ ಇಟ್ಟಿರ್ತೀಯಲ್ಲ?"

ಕೊಡದಕ್ಕ ಅಂಗಳದ ಹಗ್ಗದತ್ತ ಕೈ ತೋರಿಸಿದಳು. ಗೋಣಿ ಅಲ್ಲಿ ಗರಿಗರಿಯಾಗಿ ನೇತಾಡುತ್ತಿತ್ತು.

"ತೊಳೆದು ಬಿಸಿಲಿಗೆ ಹಾಕ್ಬಿಟ್ಟೆ, ಸಾಹೇಬ್ರೇ. ನೀವು ಹೇಳಿದ ಹಾಗೇ."